‘ಕ್ರಮ ಕೈಗೊಳ್ಳಲಾಗುವುದು’ ಅಂದಾಗ ಏನು ಕೇಳಬೇಕು? ಸಮುದಾಯ ರೇಡಿಯೊದಲ್ಲಿ ಸಂದರ್ಶನ ಮಾಡುವವರಿಗೆ

ನನ್ನ ಮೊದಲ ಸಂದರ್ಶನ ಮುಗಿದು 10 ನಿಮಿಷ ಆಗಿತ್ತು. ಸ್ಟುಡಿಯೊಗೆ ಒಂದು ಫೋನ್ ಬಂತು. ಕುಡಿಯುವ ನೀರಿನ ಯೋಜನೆ ಬಗ್ಗೆ ಒಬ್ಬ ಎಂಜಿನಿಯರ್ ಜೊತೆ ಅರ್ಧ ಗಂಟೆ ಮಾತಾಡಿದ್ದೆ. ಪೈಪ್ ಎಷ್ಟು ಉದ್ದ, ಟ್ಯಾಂಕ್ ಎಷ್ಟು ದೊಡ್ಡದು, ಕೆಲಸ ಯಾವಾಗ ಶುರುವಾಯ್ತು, ಎಲ್ಲಾ ಕೇಳಿದ್ದೆ. ಫೋನ್ ಮಾಡಿದ ಹೆಂಗಸು ಬೈಯಲಿಲ್ಲ. ಮೆತ್ತಗೇ ಹೇಳಿದರು: “ಕಾರ್ಯಕ್ರಮ ಚೆನ್ನಾಗಿತ್ತು. ಆದ್ರೆ ನಮ್ಮ ಬೀದಿಗೆ ನೀರು ಯಾವಾಗ ಬರುತ್ತೆ ಅಂತ ಅವರು ಹೇಳ್ಲೇ ಇಲ್ವಲ್ಲಾ?”

ಅವರು ಹೇಳಲಿಲ್ಲ, ನಿಜ. ಯಾಕೆಂದರೆ ನಾನು ಕೇಳಿರಲಿಲ್ಲ.

ಇದಾಗಿ 9 ವರ್ಷ ಆಯ್ತು. ನಮ್ಮ ಸಮುದಾಯ ರೇಡಿಯೊದಲ್ಲಿ, ಅಂದರೆ ಸ್ಥಳೀಯ ಜನರು ತಮಗಾಗಿಯೇ ನಡೆಸುವ ಸಣ್ಣ ಕೇಂದ್ರದಲ್ಲಿ, ವಾರಕ್ಕೊಂದು ಸಂದರ್ಶನ ಮಾಡುತ್ತಾ ಬಂದಿದ್ದೇನೆ. ಹೊಸದಾಗಿ ಸೇರುವವರಿಗೆ ಕಲಿಸುವ ಕೆಲಸವೂ ನನ್ನ ಪಾಲಿಗೆ ಬಂದಿದೆ. ಅವರಿಗೆ ನಾನು ಮೊದಲು ಹೇಳುವುದು ಮೈಕಿನ ವಿಷಯ ಅಲ್ಲ. ಒಂದು ಖಾಲಿ ಹಾಳೆ ಕೊಟ್ಟು, “ಕೇಳುಗರ ಪ್ರಶ್ನೆ ಯಾವುದು, ಒಂದೇ ಸಾಲಿನಲ್ಲಿ ಬರೀರಿ” ಅನ್ನುತ್ತೇನೆ.

ಹೆಚ್ಚಿನವರು ವಿಷಯ ಬರೆಯುತ್ತಾರೆ, ಪ್ರಶ್ನೆ ಬರೆಯುವುದಿಲ್ಲ. ‘ಆರೋಗ್ಯ ಕೇಂದ್ರದಲ್ಲಿ ಸಿಬ್ಬಂದಿ ಕೊರತೆ’ ಅಂತ ಬರೆದರೆ ಅದು ವಿಷಯ. ‘ರಾತ್ರಿ ಹೊತ್ತು ಹೆರಿಗೆ ನೋವು ಬಂದ್ರೆ ಅಲ್ಲಿ ಡಾಕ್ಟರ್ ಇರ್ತಾರಾ?’ ಅಂತ ಬರೆದರೆ ಅದು ಪ್ರಶ್ನೆ. ವಿಷಯ ಹಿಡಿದುಕೊಂಡು ಕೂತರೆ ಅತಿಥಿ ಭಾಷಣ ಮಾಡುತ್ತಾರೆ. ಪ್ರಶ್ನೆ ಹಿಡಿದುಕೊಂಡು ಕೂತರೆ ಉತ್ತರ ಕೊಡಲೇಬೇಕಾಗುತ್ತದೆ. ಈ ಸಾಲು ನಿಮ್ಮ ತಲೆಯಿಂದ ಹುಟ್ಟಬಾರದು. ಬಸ್ಸಿಗೆ ಕಾಯುವವರ ಹತ್ತಿರ, ಆಸ್ಪತ್ರೆ ಬಾಗಿಲಲ್ಲಿ, ಶಾಲೆ ಬಿಡುವ ಹೊತ್ತಿಗೆ ಗೇಟಿನ ಮುಂದೆ, ಕನಿಷ್ಠ ನಾಲ್ಕೈದು ಜನರ ಹತ್ತಿರ ಮಾತಾಡಿ. ಅವರು ಹೇಳಿದ ಮಾತನ್ನೇ ಬರೆದುಕೊಳ್ಳಿ, ತಿದ್ದಬೇಡಿ. ಸಂದರ್ಶನ ಮುಗಿಯುವವರೆಗೂ ಆ ಹಾಳೆ ನಿಮ್ಮ ಕಣ್ಣೆದುರಿಗೇ ಇರಲಿ.

ಸಮುದಾಯ ರೇಡಿಯೊ ಹುಟ್ಟಿದ್ದೂ ಜನರ ಇಂಥ ಪ್ರಶ್ನೆಗಳಿಂದಲೇ. ದಕ್ಷಿಣ ಅಮೆರಿಕದ ಬೊಲಿವಿಯಾ ದೇಶದ ಗಣಿ ಕಾರ್ಮಿಕರು 1940ರ ದಶಕದ ಕೊನೆಯಿಂದ ತಮ್ಮ ಕೂಲಿಯಲ್ಲೇ ಒಂದು ಪಾಲು ಹಾಕಿ ರೇಡಿಯೊ ಕೇಂದ್ರ ನಡೆಸಿದರು. ತಮ್ಮ ಪ್ರಶ್ನೆ ಕೇಳೋಕೆ ಬೇರೆ ಜಾಗ ಅವರಿಗೆ ಇರಲಿಲ್ಲ.

ಇನ್ನು, ನಿಮ್ಮ ಕೇಂದ್ರದ ಪರವಾನಗಿ ಪತ್ರವನ್ನು ಒಮ್ಮೆ ಪೂರ್ತಿ ಓದಿ. ನಿಯಮ ಒಂದೊಂದು ದೇಶದಲ್ಲಿ ಒಂದೊಂದು ಥರ. ಅಮೆರಿಕದ ಬರ್ಕ್ಲಿಯಲ್ಲಿ 1949ರಲ್ಲಿ ಶುರುವಾದ ರೇಡಿಯೊ ಕೇಂದ್ರ ಕೆಪಿಎಫ್‌ಎ, ಕೇಳುಗರು ಕೊಟ್ಟ ದುಡ್ಡಿನಲ್ಲೇ ನಡೆದು, ರಾಜಕೀಯ ಮಾತುಕತೆಗೂ ಜಾಗ ಕೊಟ್ಟಿತು. ಭಾರತದ 2006ರ ಸಮುದಾಯ ರೇಡಿಯೊ ಮಾರ್ಗಸೂಚಿ ಸುದ್ದಿ, ಪ್ರಚಲಿತ ವಿದ್ಯಮಾನ, ರಾಜಕೀಯ ಸ್ವರೂಪದ ಕಾರ್ಯಕ್ರಮ ಬೇಡ ಎಂದಿತು. ಆದರೆ ಅದೇ ಮಾರ್ಗಸೂಚಿ ಕೃಷಿ, ಆರೋಗ್ಯ, ಶಿಕ್ಷಣ, ಪರಿಸರ, ಸಮುದಾಯದ ಅಭಿವೃದ್ಧಿಗೆ ಒತ್ತು ಕೊಡಿ ಎಂದೂ ಹೇಳಿತು. ಇಂಥ ನಿಯಮ ಇರುವ ಕಡೆ ಯಾವ ಪಕ್ಷ ಗೆಲ್ಲುತ್ತೆ ಅನ್ನೋದು ನಿಮ್ಮ ಪ್ರಶ್ನೆ ಅಲ್ಲ. ಡಾಕ್ಟರ್ ಯಾವಾಗ ಬರ್ತಾರೆ ಅನ್ನೋದು ನಿಮ್ಮ ಪ್ರಶ್ನೆ. ನಿಜ ಹೇಳಬೇಕೆಂದರೆ ನನ್ನ ಕೇಳುಗರಿಗೆ ಎರಡನೆಯದೇ ಜಾಸ್ತಿ ಬೇಕು.

ಯಾರನ್ನು ಕರೆಯಬೇಕು? ನನ್ನ ಲೆಕ್ಕದಲ್ಲಿ ಇಬ್ಬರು ಸಾಕು. ತೀರ್ಮಾನ ಮಾಡುವ ಅಧಿಕಾರ ಇರುವವರು ಒಬ್ಬರು, ಆ ತೀರ್ಮಾನದಿಂದ ಬದುಕು ಬದಲಾಗುವವರು ಒಬ್ಬರು. ಇಬ್ಬರ ನಡುವೆ ‘ವಿಷಯ ಗೊತ್ತಿರುವವರು’ ಅಂತ ಬರುವವರಿಂದ ಹೆಚ್ಚಿನ ಸಲ ಸಮಯ ಹೋಗುತ್ತದೆ, ಅಷ್ಟೇ. ಇಬ್ಬರನ್ನೂ ಒಂದೇ ಸಲ ಎದುರುಬದುರು ಕೂರಿಸಬೇಡಿ. ಅಧಿಕಾರಿ ಮುಂದೆ ಸಾಮಾನ್ಯ ಜನ ಬಾಯಿ ಬಿಡುವುದು ಕಷ್ಟ. ಮೊದಲು ಜನರ ಮಾತನ್ನು ಅವರ ಜಾಗದಲ್ಲೇ ರೆಕಾರ್ಡ್ ಮಾಡಿ ತನ್ನಿ. ಅದರ ಒಂದು ತುಣುಕನ್ನು ಸ್ಟುಡಿಯೊದಲ್ಲಿ ಅಧಿಕಾರಿಗೆ ಕೇಳಿಸಿ. “ಕೆಲವರು ಹೀಗೆ ಹೇಳ್ತಾರೆ” ಅನ್ನುವುದಕ್ಕೂ ಆ ಧ್ವನಿಯನ್ನೇ ಕೇಳಿಸುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಅತಿಥಿಗೆ ಫೋನ್ ಮಾಡಿದಾಗ ವಿಷಯ ಹೇಳಿ, ಎಷ್ಟು ಹೊತ್ತು ಅಂತ ಹೇಳಿ, ನೇರ ಪ್ರಸಾರವೋ ರೆಕಾರ್ಡಿಂಗೋ ಅದನ್ನೂ ಹೇಳಿ. ಪ್ರಶ್ನೆಗಳ ಪಟ್ಟಿ ಕಳಿಸಿ ಎಂದರೆ ನಯವಾಗಿ ಆಗಲ್ಲ ಅನ್ನಿ. ಅಂಕಿ ಅಂಶ ಬೇಕಾಗುತ್ತೆ ಅನ್ನಿಸಿದರೆ, “ಈ ವರ್ಷದ ಖರ್ಚಿನ ವಿವರ ಕೇಳ್ತೀನಿ, ಕಾಗದ ತನ್ನಿ” ಅಂತ ಮೊದಲೇ ಹೇಳುವುದು ನ್ಯಾಯ. ನಾವು ಅವರನ್ನು ಸಿಕ್ಕಿಸಿ ಹಾಕೋಕೆ ಕರೀತಿಲ್ಲ. ತಯಾರಿಯಾಗಿ ಬಂದ ಅತಿಥಿಯಿಂದಲೇ ಕೇಳುಗರಿಗೆ ಉಪಯೋಗ ಜಾಸ್ತಿ.

ನಿಮ್ಮ ತಯಾರಿ ಮಾತ್ರ ಅವರಿಗಿಂತ ಒಂದು ಕೈ ಮೇಲಿರಲಿ. ಅವರು ಹೋದ ಸಲ ಇದೇ ವಿಷಯದಲ್ಲಿ ಏನು ಹೇಳಿದ್ದರು ಅಂತ ಹುಡುಕಿ ಇಟ್ಟುಕೊಳ್ಳಿ. ಮೂರು ಸಂಖ್ಯೆ ಬಾಯಿಗೆ ಬರುವಂತಿರಲಿ: ಎಷ್ಟು ದುಡ್ಡು, ಎಷ್ಟು ಜನಕ್ಕೆ, ಎಷ್ಟು ದಿನದಲ್ಲಿ. ಮೂರಕ್ಕಿಂತ ಜಾಸ್ತಿ ಬೇಡ, ಕೇಳುಗರ ತಲೆಯಲ್ಲಿ ನಿಲ್ಲುವುದಿಲ್ಲ.

ಇನ್ನು ಸದ್ದಿನ ವಿಷಯ. ಮಾತು ಎಷ್ಟೇ ಚೆನ್ನಾಗಿದ್ದರೂ ಕೇಳಿಸದಿದ್ದರೆ ಏನು ಪ್ರಯೋಜನ? ಮೈಕ್ ಬಾಯಿಂದ ಒಂದು ಗೇಣು ದೂರ ಇರಲಿ. ನೇರ ಬಾಯಿಗೆ ಹಿಡಿಯದೆ ಸ್ವಲ್ಪ ಓರೆಯಾಗಿ ಇಡಿ. ಇಲ್ಲದಿದ್ದರೆ ‘ಪ’, ‘ಬ’, ‘ಭ’ ಬಂದಾಗಲೆಲ್ಲ ಉಸಿರು ಮೈಕಿಗೆ ಬಡಿದು ಢಬ್ ಅನ್ನುತ್ತದೆ. ಮೈಕನ್ನು ಅತಿಥಿ ಕೈಗೆ ಕೊಡಬೇಡಿ. ಅವರು ಮಾತಾಡುತ್ತಾ ಕೈ ಆಡಿಸುತ್ತಾರೆ, ಸದ್ದು ಏರಿಳಿಯುತ್ತದೆ. ಹೆಡ್‌ಫೋನ್ ಹಾಕಿಕೊಳ್ಳದೆ ರೆಕಾರ್ಡ್ ಬಟನ್ ಒತ್ತಬೇಡಿ. ನಮ್ಮ ಕಿವಿ ಫ್ಯಾನಿನ ಸದ್ದನ್ನು ಪಕ್ಕಕ್ಕೆ ತಳ್ಳುತ್ತದೆ, ಮೈಕ್ ತಳ್ಳುವುದಿಲ್ಲ. ರೆಕಾರ್ಡರ್‌ನಲ್ಲಿ ವೇವ್ (WAV) ಫೈಲ್, 44.1 ಕಿಲೋಹರ್ಟ್ಸ್, 16 ಬಿಟ್ ಇಟ್ಟರೆ ಸಾಕು. ಮಾತಿನ ಸದ್ದು ರೆಕಾರ್ಡರ್ ಮೀಟರಿನಲ್ಲಿ -12 ಡೆಸಿಬೆಲ್ ಆಸುಪಾಸಿನಲ್ಲಿ ಆಡುತ್ತಿರಲಿ. ಮುಳ್ಳು 0 ಮುಟ್ಟಿದರೆ ಸದ್ದು ಒಡೆಯುತ್ತದೆ, ಆಮೇಲೆ ಯಾವ ಸಾಫ್ಟ್‌ವೇರೂ ಅದನ್ನು ಪೂರ್ತಿ ಸರಿ ಮಾಡುವುದಿಲ್ಲ. ಇಬ್ಬರ ಮೊಬೈಲೂ ಏರೋಪ್ಲೇನ್ ಮೋಡ್‌ನಲ್ಲಿರಲಿ. ಸೈಲೆಂಟ್ ಮಾಡಿದರೆ ಸಾಲದು, ಸಿಗ್ನಲ್ ಹುಡುಕುವಾಗ ಬರುವ ಗುರ್ ಸದ್ದು ಕೇಬಲ್ ಒಳಗೆ ನುಗ್ಗುತ್ತದೆ.

ಮುಗಿದ ಮೇಲೆ ಎಲ್ಲರೂ ಸುಮ್ಮನೆ ಕೂತು, ಆ ಕೋಣೆಯ ಖಾಲಿ ಸದ್ದನ್ನು 30 ಸೆಕೆಂಡ್ ರೆಕಾರ್ಡ್ ಮಾಡಿ. ಎಡಿಟ್ ಮಾಡುವಾಗ ಎರಡು ಮಾತಿನ ನಡುವೆ ಜಾಗ ತುಂಬಲು ಬೇಕಾಗುತ್ತದೆ. ಇದನ್ನು ಮರೆತು ಒದ್ದಾಡಿದವರಿಗೆ ಮಾತ್ರ ಇದರ ಬೆಲೆ ಗೊತ್ತು.

ಲೆವೆಲ್ ನೋಡುವಾಗ “ಹಲೋ, ಒಂದು ಎರಡು ಮೂರು” ಹೇಳಿಸಬೇಡಿ. ಅತಿಥಿಗೆ ಅವರ ಪೂರ್ತಿ ಹೆಸರು, ಹುದ್ದೆ ಹೇಳಲು ಹೇಳಿ. ಹೆಸರನ್ನು ಹೇಗೆ ಉಚ್ಚರಿಸಬೇಕು ಅಂತ ನಿಮಗೂ ಗೊತ್ತಾಗುತ್ತದೆ, ಧ್ವನಿ ಮಟ್ಟವೂ ಸಿಗುತ್ತದೆ.

ಈಗ ಮುಖ್ಯ ಕೆಲಸಕ್ಕೆ ಬರೋಣ. ಕನ್ನಡದಲ್ಲಿ ಸಂದರ್ಶನ ಮಾಡುವವರು ಎದುರಿಸಲೇಬೇಕಾದ ಒಂದು ಕ್ರಿಯಾಪದದ ಬಾಲ ಇದೆ. ‘ಲಾಗುವುದು’. ಕ್ರಮ ಕೈಗೊಳ್ಳಲಾಗುವುದು. ಪರಿಶೀಲಿಸಲಾಗುವುದು. ಸರಿಪಡಿಸಲಾಗುವುದು. ಕಚೇರಿ ಕಾಗದದಲ್ಲಿ ಬರೆದು ಬರೆದು ಅಧಿಕಾರಿಗಳ ಬಾಯಲ್ಲೂ ಅದೇ ಬರುತ್ತದೆ. ಅವರು ಬೇಕಂತಲೇ ಹಾಗೆ ಹೇಳುತ್ತಾರೆ ಅಂತ ನಾನು ಹೇಳುತ್ತಿಲ್ಲ. ಆದರೆ ಆ ಮಾತಿನಲ್ಲಿ ಒಬ್ಬ ಮನುಷ್ಯನೂ ಇಲ್ಲ, ನೋಡಿ. ಯಾರು ಮಾಡ್ತಾರೆ? ಗೊತ್ತಿಲ್ಲ. ಯಾವಾಗ? ಗೊತ್ತಿಲ್ಲ. ಕೇಳುಗರಿಗೆ ಏನೋ ಉತ್ತರ ಸಿಕ್ಕ ಹಾಗೆ ಅನ್ನಿಸುತ್ತದೆ, ಕೈಯಲ್ಲಿ ಏನೂ ಉಳಿಯುವುದಿಲ್ಲ. ಹಾಗಾಗಿ ‘ಲಾಗುವುದು’ ಕಿವಿಗೆ ಬಿದ್ದ ಕೂಡಲೇ ನನ್ನ ಪೆನ್ನು ಹಾಳೆಯ ಮೇಲೆ ಒಂದು ಗೆರೆ ಎಳೆಯುತ್ತದೆ. ಅವರು ವಾಕ್ಯ ಮುಗಿಸಿದ ಮೇಲೆ ಅಲ್ಲಿಗೇ ವಾಪಸ್ ಹೋಗುತ್ತೇನೆ.

ಬೀದಿ ದೀಪದ ಬಗ್ಗೆ ಮಾಡಿದ ಒಂದು ಸಂದರ್ಶನ ಹೀಗೆ ನಡೆಯಿತು.

“ದೂರು ನಮ್ಮ ಗಮನಕ್ಕೆ ಬಂದಿದೆ. ಶೀಘ್ರದಲ್ಲೇ ಸೂಕ್ತ ಕ್ರಮ ಕೈಗೊಳ್ಳಲಾಗುವುದು.”

“ಯಾರು ಕೈಗೊಳ್ತಾರೆ ಸರ್?”

“ಇಲಾಖೆಯಿಂದ.”

“ಇಲಾಖೆಯಲ್ಲಿ ಈ ಕೆಲಸ ಯಾರ ಮೇಜಿನ ಮೇಲಿದೆ?”

“ಸದ್ಯಕ್ಕೆ ನನ್ನ ಹತ್ತಿರಾನೇ ಇದೆ.”

“ಹಾಗಾದ್ರೆ ನೀವು ಮುಂದೆ ಮಾಡೋ ಕೆಲಸ ಏನು?”

ಇಲ್ಲಿ ಅವರು ಸುಮ್ಮನಾದರು. ನಾನೂ ಸುಮ್ಮನಿದ್ದೆ. ಆಮೇಲೆ ಹೇಳಿದರು: “ಬಲ್ಬ್ ಬಂದಿವೆ. ಹಾಕೋ ಗಾಡಿ ರಿಪೇರಿಗೆ ಹೋಗಿದೆ. ಗಾಡಿ ಬಂದ ದಿನವೇ ಶುರು ಮಾಡಿಸ್ತೀನಿ.”

“ಗಾಡಿ ಯಾವತ್ತು ಬರುತ್ತೆ?”

“ಸೋಮವಾರ.”

ಆ ‘ಮಾಡಿಸ್ತೀನಿ’ ಇದೆಯಲ್ಲ, ಅದಕ್ಕಾಗಿಯೇ ನಾವು ಅಷ್ಟು ಹೊತ್ತು ಕೂತಿದ್ದು. ‘ಕೈಗೊಳ್ಳಲಾಗುವುದು’ ಹೋಗಿ ‘ಮಾಡಿಸ್ತೀನಿ’ ಬಂತು. ಒಂದು ದಿನದ ಹೆಸರೂ ಬಂತು. ಗಮನಿಸಿ, ನಾನು ಎಲ್ಲೂ ದನಿ ಏರಿಸಲಿಲ್ಲ, ‘ಸರ್’ ಬಿಡಲಿಲ್ಲ. ಮರ್ಯಾದೆಯಿಂದ ಕೇಳಿದ ಗಟ್ಟಿ ಪ್ರಶ್ನೆಗೆ ಉತ್ತರ ತಪ್ಪಿಸುವುದು ಅವರಿಗೆ ಕಷ್ಟ. ಕೂಗಿದರೆ ಅವರಿಗೆ ಕೋಪ ಮಾಡಿಕೊಂಡು ಎದ್ದು ಹೋಗಲು ಒಂದು ಕಾರಣ ಸಿಗುತ್ತದೆ.

‘ಶೀಘ್ರದಲ್ಲೇ’, ‘ಆದಷ್ಟು ಬೇಗ’, ‘ಹಂತ ಹಂತವಾಗಿ’ ಬಂದಾಗ ತಾರೀಖು ಕೇಳಿ. ‘ಸೂಕ್ತ’ ಬಂದಾಗ ಏನು ಅಂತ ಕೇಳಿ. ‘ಸಂಬಂಧಪಟ್ಟವರು’ ಬಂದಾಗ ಹುದ್ದೆ ಕೇಳಿ. ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಬಹುದು, ಬೇರೆ ಮಾತಿನಲ್ಲಿ ಮೂರನೇ ಸಲವೂ ಕೇಳಬಹುದು. ಅಷ್ಟಾದರೂ ಉತ್ತರ ಬರದಿದ್ದರೆ, “ಈ ಪ್ರಶ್ನೆಗೆ ಇವತ್ತು ಉತ್ತರ ಸಿಗಲಿಲ್ಲ” ಅಂತ ಕೇಳುಗರಿಗೆ ಹೇಳಿ ಮುಂದೆ ಹೋಗಿ. ಅದೂ ಒಂದು ಮಾಹಿತಿಯೇ.

ನಮ್ಮ ಬಾಯಲ್ಲೂ ಒಂದು ಪದ ಇದೆ, ಅದರ ಮೇಲೆ ಕಣ್ಣಿಡಬೇಕು. ‘ಅಲ್ವಾ’. ಮಾತಿನಲ್ಲಿ ಎಷ್ಟು ಮುದ್ದಾದ ಪದ ಅದು. ಆದರೆ ಸಂದರ್ಶನದಲ್ಲಿ “ಕೆಲಸ ತಡ ಆಗಿದೆ ಅಲ್ವಾ ಮೇಡಂ?” ಎಂದರೆ ಅವರು “ಹೌದು, ಸ್ವಲ್ಪ” ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಉತ್ತರವನ್ನು ನಾವೇ ಕೊಟ್ಟು ಸಹಿ ಹಾಕಿಸಿಕೊಂಡ ಹಾಗೆ. “ಕೆಲಸ ಯಾಕೆ ತಡ ಆಯ್ತು ಮೇಡಂ?” ಎಂದರೆ ಅವರು ಮಾತಾಡಲೇಬೇಕು. ಯಾಕೆ, ಹೇಗೆ, ಯಾರು, ಯಾವಾಗ, ಎಷ್ಟು, ಈ ಪದಗಳಿಂದ ಪ್ರಶ್ನೆ ಕಟ್ಟಿ. ಒಂದು ಸಲಕ್ಕೆ ಒಂದೇ ಪ್ರಶ್ನೆ. ಎರಡು ಸೇರಿಸಿ ಕೇಳಿದರೆ ಅವರು ಸುಲಭವಾದದ್ದಕ್ಕೆ ಉತ್ತರ ಕೊಟ್ಟು ಇನ್ನೊಂದನ್ನು ಬಿಡುತ್ತಾರೆ.

ಇನ್ನೊಂದು ಅಭ್ಯಾಸ, ಎದುರಿನವರು ಮಾತಾಡುವಾಗ ‘ಹೂಂ, ಹೂಂ’, ‘ಹೌದೌದು’ ಅನ್ನೋದು. ಎದುರಿಗೆ ಕೂತಾಗ ಅದು ಸೌಜನ್ಯ. ರೇಡಿಯೊದಲ್ಲಿ ಕೇಳುಗರಿಗೆ ಕಿರಿಕಿರಿ, ಎಡಿಟ್ ಮಾಡುವವರಿಗೆ ತಲೆನೋವು. ಅದಕ್ಕಿಂತ ದೊಡ್ಡ ತೊಂದರೆ ಅಂದರೆ, ನೀವು ಅವರ ಮಾತಿಗೆ ಒಪ್ಪುತ್ತಿದ್ದೀರಿ ಅನ್ನಿಸುತ್ತದೆ. ತಲೆ ಆಡಿಸಿ, ಕಣ್ಣಲ್ಲಿ ಕಣ್ಣಿಟ್ಟು ನೋಡಿ. ಉತ್ತರ ಮುಗಿದ ಮೇಲೆ ಮನಸ್ಸಿನಲ್ಲೇ ಮೂರು ಎಣಿಸಿ. ನಿಮಗೆ ಆ ಮೂರು ಸೆಕೆಂಡ್ ಯುಗದಂತೆ ಕಾಣುತ್ತದೆ. ಆದರೆ ಬೀದಿ ದೀಪದ ಗಾಡಿ ರಿಪೇರಿಗೆ ಹೋದದ್ದು ಹೊರಗೆ ಬಂದಿದ್ದೇ ಅಂಥ ಮೂರು ಸೆಕೆಂಡಿನಲ್ಲಿ.

ಫೋನಿನಲ್ಲಿ ಸಂದರ್ಶನ ಮಾಡುವಾಗ ಸಂಖ್ಯೆಗಳ ಬಗ್ಗೆ ತುಂಬಾ ಹುಷಾರು. ಮಾಮೂಲಿ ಟೆಲಿಫೋನ್ ಲೈನು 300ರಿಂದ 3400 ಹರ್ಟ್ಸ್ ವರೆಗಿನ ಸದ್ದನ್ನು ಮಾತ್ರ ದಾಟಿಸುತ್ತದೆ. ಪದದ ಮೊದಲಿನ ಸಣ್ಣ ಸದ್ದುಗಳು ಮಂಕಾಗುತ್ತವೆ. ಕನ್ನಡದಲ್ಲಿ ಒಂಬತ್ತು, ಎಂಬತ್ತು, ತೊಂಬತ್ತು ಮೂರೂ ‘ಂಬತ್ತು’ ಎಂದೇ ಕೇಳಿಸುತ್ತವೆ. ಒಮ್ಮೆ ಎಂಬತ್ತು ಮನೆಗಳಿಗೆ ಪರಿಹಾರ ಅಂತ ಅತಿಥಿ ಹೇಳಿದ್ದು ನಮ್ಮ ಕೇಳುಗರಿಗೆ ತೊಂಬತ್ತು ಅಂತ ಕೇಳಿಸಿ, ಉಳಿದ ಹತ್ತು ಮನೆಯ ದುಡ್ಡು ಎಲ್ಲಿ ಹೋಯ್ತು ಅಂತ ಗಲಾಟೆಯೇ ಆಯಿತು. ಅಂದಿನಿಂದ ಯಾವ ಸಂಖ್ಯೆ ಬಂದರೂ ನಾನು ಬಿಡಿಸಿ ಹೇಳುತ್ತೇನೆ: “ಎಂಟು ಸೊನ್ನೆ, ಎಂಬತ್ತು ಮನೆ.”

ನಮ್ಮಂಥ ಕೇಂದ್ರಗಳ ಟ್ರಾನ್ಸ್‌ಮಿಟರ್ ಸಣ್ಣದು. ಭಾರತದಲ್ಲಿ ಮಾಮೂಲಿ ಮಿತಿ 100 ವ್ಯಾಟ್, ಬಯಲು ಜಾಗದಲ್ಲಿ ಸುಮಾರು 10ರಿಂದ 15 ಕಿಲೋಮೀಟರ್ ಕೇಳಿಸುತ್ತದೆ. ಆ ಸುತ್ತಳತೆಯೊಳಗೆ ಎಲ್ಲರಿಗೂ ಎಲ್ಲರ ಧ್ವನಿ ಗೊತ್ತು. ಇದು ನಮ್ಮ ಬಲ. ತೊಂದರೆಗೆ ಸಿಕ್ಕಿದವರ ಸಂದರ್ಶನ ಮಾಡುವಾಗ ಇದೇ ಅಪಾಯ ಕೂಡ. ಹೆಸರು ಹೇಳದಿದ್ದರೆ ಸಾಕು ಅಂತ ಹೊಸಬರು ಅಂದುಕೊಳ್ಳುತ್ತಾರೆ. ಸಾಲದು. ಪಕ್ಕದ ಮನೆಯವರು ಎರಡನೇ ವಾಕ್ಯಕ್ಕೇ ಗುರುತು ಹಿಡಿಯುತ್ತಾರೆ. ಸಾಫ್ಟ್‌ವೇರ್‌ನಲ್ಲಿ ಧ್ವನಿ ದಪ್ಪ ಮಾಡಿದರೂ ನಂಬಬೇಡಿ. ಅದನ್ನು ಉಲ್ಟಾ ಮಾಡಿ ಮೂಲ ಧ್ವನಿಯ ಹತ್ತಿರಕ್ಕೆ ತರಬಹುದು, ಮಾತಾಡುವ ಧಾಟಿಯಂತೂ ಬದಲಾಗುವುದೇ ಇಲ್ಲ. ಮನೆಯಲ್ಲಿ ಹೊಡೆತ ತಿಂದವರು, ಕೆಲಸ ಕಳೆದುಕೊಳ್ಳುವ ಭಯ ಇರುವವರು, ಇವರ ಮಾತನ್ನು ಬರೆದುಕೊಂಡು ಬೇರೆಯವರ ಧ್ವನಿಯಲ್ಲಿ ಓದಿಸಿ. ಓದಿಸಿದ್ದು ಅಂತ ಕೇಳುಗರಿಗೂ ಹೇಳಿ. ಪ್ರಸಾರಕ್ಕೆ ಮುಂಚೆ ಅವರಿಗೆ ಒಮ್ಮೆ ಕೇಳಿಸಿ, “ಇದನ್ನ ಕೇಳಿ ನೀವು ಅಂತ ಯಾರಿಗಾದ್ರೂ ಗೊತ್ತಾಗುತ್ತಾ?” ಅಂತ ವಿಚಾರಿಸಿ. ಅವರು ಬೇಡ ಎಂದರೆ ಬಿಟ್ಟುಬಿಡಿ, ಎಷ್ಟೇ ಒಳ್ಳೆಯ ಕಾರ್ಯಕ್ರಮ ಆಗಿದ್ದರೂ ಸರಿ.

ಮೈಕ್ ಕಂಡರೆ ಹೆದರುವವರಿಗೆ “ನಿಮ್ಮ ಅಭಿಪ್ರಾಯ ಏನು?” ಅಂತ ಕೇಳಬೇಡಿ. ಪರೀಕ್ಷೆಗೆ ಕೂತ ಹಾಗೆ ಆಗುತ್ತದೆ ಅವರಿಗೆ. “ಆ ದಿನ ಬೆಳಿಗ್ಗೆ ಎದ್ದಾಗಿಂದ ಏನೇನಾಯ್ತು, ಹೇಳಿ” ಅನ್ನಿ. ನಡೆದದ್ದನ್ನು ಹೇಳೋದು ಎಲ್ಲರಿಗೂ ಬರುತ್ತದೆ.

ಯಾರ ಮೇಲಾದರೂ ಆರೋಪ ಬಂದರೆ, ಆರೋಪ ಹೊತ್ತವರಿಗೂ ಮಾತಾಡಲು ಅವಕಾಶ ಕೊಡಬೇಕು. ಪ್ರಸಾರಕ್ಕೆ ಮುಂಚೆಯೇ ಕೊಡಬೇಕು. ಫೋನ್ ಮಾಡಿದ ದಿನ, ಹೊತ್ತು, ಸಿಕ್ಕ ಉತ್ತರ ಎಲ್ಲವನ್ನೂ ಡೈರಿಯಲ್ಲಿ ಬರೆದಿಡಿ. ನೇರ ಪ್ರಸಾರದಲ್ಲಿ ಅತಿಥಿ ಇದ್ದಕ್ಕಿದ್ದಂತೆ ಇನ್ನೊಬ್ಬರ ಹೆಸರು ಹಿಡಿದು ಬೈಯಲು ಶುರು ಮಾಡಿದರೆ, ತಕ್ಷಣ ನಡುವೆ ಬಾಯಿ ಹಾಕಿ: “ಅವರು ಇಲ್ಲಿಲ್ಲ. ಇದು ನಿಮ್ಮ ಮಾತು, ಕೇಂದ್ರದ ಮಾತಲ್ಲ. ಅವರ ಉತ್ತರ ನಾವು ಕೇಳ್ತೀವಿ. ಈಗ ನಿಮ್ಮ ವಿಷಯಕ್ಕೆ ಬರೋಣ.” ಈ ನಾಲ್ಕು ವಾಕ್ಯ ಬಾಯಿಪಾಠ ಇರಲಿ. ಆ ಗಾಬರಿಯಲ್ಲಿ ಹೊಸದಾಗಿ ವಾಕ್ಯ ಹುಟ್ಟುವುದಿಲ್ಲ.

ಅರ್ಧದಲ್ಲಿ ರೇಡಿಯೊ ಹಾಕುವವರು ತುಂಬಾ ಜನ. ಐದಾರು ನಿಮಿಷಕ್ಕೊಮ್ಮೆ ಅತಿಥಿ ಯಾರು, ವಿಷಯ ಏನು ಅಂತ ಒಂದು ಸಾಲಿನಲ್ಲಿ ಹೇಳುತ್ತಿರಿ.

ಎಡಿಟಿಂಗ್‌ಗೆ ಆಡಾಸಿಟಿ ಎಂಬ ಸಾಫ್ಟ್‌ವೇರ್ ಸಾಕು, ಅದಕ್ಕೆ ದುಡ್ಡು ಕೊಡಬೇಕಿಲ್ಲ. ತಡವರಿಕೆ, ಕೆಮ್ಮು, ಎರಡು ಸಲ ಹೇಳಿದ ಮಾತು ತೆಗೆಯಬಹುದು. ಎಲ್ಲ ತಡವರಿಕೆಯನ್ನೂ ತೆಗೆಯಬೇಡಿ. ಉತ್ತರಕ್ಕೆ ಮುಂಚೆ ಅವರು ಯೋಚಿಸಿದ್ದು ಕೇಳುಗರಿಗೂ ಗೊತ್ತಾಗಲಿ. ಒಂದು ಪ್ರಶ್ನೆಯ ಉತ್ತರವನ್ನು ತಂದು ಇನ್ನೊಂದು ಪ್ರಶ್ನೆಗೆ ಅಂಟಿಸುವುದು ಮಾತ್ರ ಯಾವತ್ತೂ ಕೂಡದು. ‘ಆದರೆ’ ಎಂದು ಮುಂದುವರಿದ ಮಾತನ್ನು ‘ಆದರೆ’ಗೆ ಮುಂಚೆ ಕತ್ತರಿಸಬಾರದು. ನನಗೆ ಅನುಮಾನ ಬಂದಾಗ ಒಂದೇ ಪರೀಕ್ಷೆ ಮಾಡುತ್ತೇನೆ. ಈ ತುಣುಕನ್ನು ಅತಿಥಿಯ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳೋಕೆ ನನಗೆ ಧೈರ್ಯ ಇದೆಯಾ? ಇಲ್ಲ ಅನ್ನಿಸಿದರೆ ಕತ್ತರಿಸಿದ್ದನ್ನು ವಾಪಸ್ ಹಾಕುತ್ತೇನೆ. ಕತ್ತರಿಸದ ಮೂಲ ರೆಕಾರ್ಡಿಂಗನ್ನು ತಾರೀಖು, ಅತಿಥಿ ಹೆಸರು ಹಾಕಿ ಎರಡು ಕಡೆ ಉಳಿಸಿಡಿ.

ಪ್ರಸಾರ ಆದ ಮೇಲೆ ಕಡೇ ಕೆಲಸ ಒಂದಿದೆ. ಹೆಚ್ಚಿನ ಕೇಂದ್ರಗಳು ಇದನ್ನೇ ಬಿಡುತ್ತವೆ. ಅತಿಥಿ ಹೇಳಿದ ತಾರೀಖಿಗೆ ಸ್ಟುಡಿಯೊ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಸುತ್ತು ಹಾಕಿ. ಪಕ್ಕದಲ್ಲಿ ಕೇಳುಗರ ಪ್ರಶ್ನೆ ಬರೆಯಿರಿ. ಆ ದಿನ ಬೆಳಿಗ್ಗೆ ಎರಡು ಫೋನ್ ಮಾಡಿ. ಮೊದಲನೆಯದು ಪ್ರಶ್ನೆ ಕೊಟ್ಟ ಕೇಳುಗರಿಗೆ, “ಕೆಲಸ ಆಯ್ತಾ?” ಅಂತ. ಎರಡನೆಯದು ಅತಿಥಿಗೆ. ಈ ಕ್ರಮ ಅದಲು ಬದಲು ಮಾಡಬೇಡಿ. ಕೆಲಸ ಆಗಿದ್ದರೆ ಅದನ್ನೂ ಪ್ರಸಾರ ಮಾಡಿ, ಮಾಡಿದವರ ಹೆಸರು ಹೇಳಿ. ಆಗಿಲ್ಲದಿದ್ದರೆ ಅವರು ಹೋದ ಸಲ ಹೇಳಿದ ಮಾತನ್ನು ಅವರದೇ ಧ್ವನಿಯಲ್ಲಿ ಕೇಳಿಸಿ, ಹೊಸ ತಾರೀಖು ಕೇಳಿ.

ಬೀದಿ ದೀಪದ ವಿಷಯದಲ್ಲಿ ಸೋಮವಾರ ಗಾಡಿ ಬರಲಿಲ್ಲ. ಮಂಗಳವಾರ ಬೆಳಿಗ್ಗೆ ಆ ಅಧಿಕಾರಿಯೇ ಸ್ಟುಡಿಯೊಗೆ ಫೋನ್ ಮಾಡಿದರು. “ಗುರುವಾರ ಆಗುತ್ತೆ, ಇವತ್ತಿನ ಕಾರ್ಯಕ್ರಮದಲ್ಲಿ ಹೇಳಿಬಿಡಿ” ಅಂದರು. ಸೋಮವಾರದ ಸುತ್ತಿನಿಂದ ಗುರುವಾರಕ್ಕೆ ಒಂದು ಬಾಣ ಎಳೆದು, ಸಂಜೆ ಅವರು ಹೇಳಿದ್ದನ್ನು ಹಾಗೇ ಓದಿದೆ.